ಶಹಾಬಾದ್ ಕಲ್ಲಲ್ಲಿ ಲಿಥೋಗ್ರಾಫ್ ಆಗುತ್ತಾ?

ಪ್ರಶ್ನೆ (ಕಲಬುರಗಿ):
ಸ್ಕಾಟ್ಲೆಂಡಿನ ಚಿತ್ರಕಾರ ಡೇವಿಡ್ ರಾಬರ್ಟ್ಸ್ 1838-39ರಲ್ಲಿ ಈಜಿಪ್ಟ್ ಸುತ್ತಿ ಬರೆದ ಕರ್ನಾಕ್, ಅಬು ಸಿಂಬೆಲ್ ದೇವಾಲಯಗಳ ಚಿತ್ರಗಳು ಲಿಥೋಗ್ರಾಫ್ ಆಗಿ, ಅಂದರೆ ಸುಣ್ಣಕಲ್ಲಿನ ಮೇಲೆ ಜಿಡ್ಡಿನಲ್ಲಿ ಬರೆದು ಶಾಯಿ ಹಚ್ಚಿ ಕಾಗದಕ್ಕೆ ಒತ್ತುವ ವಿಧಾನದಲ್ಲಿ, ಅಚ್ಚಾದವು. ನಮ್ಮ ಶಹಾಬಾದ್ ಕಲ್ಲೂ ಸುಣ್ಣಕಲ್ಲೇ ಅಲ್ವಾ? ಚಿತ್ರಕಲಾ ವಿದ್ಯಾರ್ಥಿಗಳಿಗೆ ಅದರಲ್ಲೇ ತೋರಿಸಬೇಕು.

ಉತ್ತರ (ಬೀದರ್):
ಅಂಗೈಯಗಲದ ತುಂಡಿನಲ್ಲಿ ಮಾಡಿ ನೋಡಿ. ನೆಲಕ್ಕೆ ಹಾಸುವ ತೆಳು ಹಾಸುಗಲ್ಲು ಪ್ರೆಸ್ಸಿನ ಒತ್ತಡಕ್ಕೆ ಸೀಳುತ್ತೆ, 5 ಸೆಂ.ಮೀ.ಗಿಂತ ದಪ್ಪ ಇರೋದು, ಬಿಳಿ ಗೆರೆ ಇಲ್ಲದ್ದು ಆರಿಸಿ. ಎರಡು ಕಲ್ಲುಗಳ ನಡುವೆ ನೀರು, ಕಾರ್ಬೊರಂಡಂ ಪುಡಿ (ಉಜ್ಜಲು ಬಳಸುವ ಗಟ್ಟಿ ಪುಡಿ) ಹಾಕಿ ಉಜ್ಜಿ: ಮೊದಲು 80 ನಂಬರಿನ ತರಿ ಪುಡಿ, ಆಮೇಲೆ 180, ಕೊನೆಗೆ ನುಣ್ಣನೆಯ 220. ಒಣಗಿದ ಮೇಲೆ ಅಂಗೈ ತಾಗಿಸಲೇಬೇಡಿ, ಬೆರಳಿನ ಜಿಡ್ಡೂ ಅಚ್ಚಲ್ಲಿ ಕಪ್ಪಗೆ ಮೂಡುತ್ತೆ.

ಜಿಡ್ಡಿನ ಕ್ರೇಯಾನಿನಲ್ಲಿ ಬರೆದು, ರಾಳದ ಪುಡಿ, ಟಾಲ್ಕ್ ಸವರಿ, ಗೋಂದಿನ ನೀರಿಗೆ ಕೆಲವೇ ಹನಿ ನೈಟ್ರಿಕ್ ಆಮ್ಲ ಬೆರೆಸಿ ಬಳಿಯಿರಿ. ಆಮ್ಲ ಹೆಚ್ಚಾದರೆ ತೆಳು ನೆರಳೆಲ್ಲ ಸುಟ್ಟುಹೋಗುತ್ತೆ. ಕೈಗವಸು ಬೇಕೇಬೇಕು, ಕಿಟಕಿ ತೆರೆದಿರಲಿ. ರೋಲರಿನಲ್ಲಿ ಶಾಯಿ ಉರುಳಿಸುವಾಗ ಕಲ್ಲು ಒದ್ದೆಯಾಗಿರಬೇಕು, ನೀರಿರುವ ಕಡೆ ಜಿಡ್ಡಿನ ಶಾಯಿ ಹತ್ತಲ್ಲ. ಕಲಬುರಗಿ ಬೇಸಿಗೆಯಲ್ಲಿ ಕಲ್ಲು ಬೇಗ ಒಣಗಿ ಖಾಲಿ ಜಾಗಕ್ಕೂ ಶಾಯಿ ಹತ್ತುತ್ತೆ, ಹಾಗಾಗಿ ಬೆಳಗಿನ ಜಾವ ಮಾಡಿ.

ಉತ್ತರ (ಯಾದಗಿರಿ):
ಒಂದು ಮಾತು ಸೇರಿಸಬೇಕು. ರಾಬರ್ಟ್ಸ್ ಸ್ಥಳದಲ್ಲಿ ರೇಖಾಚಿತ್ರ, ಜಲವರ್ಣ ಮಾಡಿದ್ದು; ಕಲ್ಲಿನ ಮೇಲೆ ಬರೆದವನು ಲೂಯಿ ಹಾಘೆ. ಅವನ ಹೆಸರನ್ನೂ ಮಕ್ಕಳಿಗೆ ಹೇಳಿ. ಕಲ್ಲಿನಲ್ಲಿ ಎಡ-ಬಲ ತಿರುಗಿಸಿ ಬರೆಯದಿದ್ದರೆ ದೇವಾಲಯವೇ ಉಲ್ಟಾ ಮೂಡುತ್ತೆ. ಮರಳಿನ ಹಳದಿ ಛಾಯೆಗೆ ಬೇರೆಯೇ ಕಲ್ಲು ಬೇಕು, ಎರಡೂ ಅಚ್ಚು ಕೂಡಲು ಹಾಳೆಯ ಅಂಚಿನಲ್ಲಿ ಗುರುತು ಹಾಕಿಕೊಳ್ಳಿ.

ಪ್ರಶ್ನೆ ಕೇಳಿದವರು:
ಕನ್ನಡಿ ಹಿಡಿದು ನೋಡಿ ಬರೆಸಿದರೆ ಸಾಕಾ?

ಉತ್ತರ (ಯಾದಗಿರಿ):
ಟ್ರೇಸಿಂಗ್ ಹಾಳೆ ಮಗುಚಿ, ಕೆಂಪು ಕಾವಿ ಸವರಿದ ಕಾಗದ ಕೆಳಗಿಟ್ಟು ತಿದ್ದಿಸಿ. ಕಾವಿಯಲ್ಲಿ ಜಿಡ್ಡಿಲ್ಲ, ಅಚ್ಚಲ್ಲಿ ಬರಲ್ಲ.