ಫಿಶ್ ಆಯಿಲ್ ತಗೊಂಡ್ರೆ ಬಿಪಿ ಮಾತ್ರೆ ಬಿಡಬಹುದಾ? ಅಮ್ಮನ ವಿಷಯ, ದಯವಿಟ್ಟು ಹೇಳಿ

ದಾವಣಗೆರೆ_ಮಗಳು:
ಎಲ್ರಿಗೂ ನಮಸ್ಕಾರ. ನಮ್ಮಮ್ಮಂಗೆ 58 ವರ್ಷ, ಬಿಪಿಗೆ ಅಮ್ಲೋಡಿಪಿನ್ 5 ತಗೋತಾರೆ, ಆದ್ರೂ ಮನೇಲಿ ನೋಡಿದ್ರೆ 146/90 ಆಸುಪಾಸು ಇರತ್ತೆ. ದುಬೈಯಿಂದ ಬಂದ ಚಿಕ್ಕಮ್ಮ ಫಿಶ್ ಆಯಿಲ್ ಕ್ಯಾಪ್ಸೂಲ್ ಡಬ್ಬಿ ಕೊಟ್ಟು ಇದ್ರ ಮುಂದೆ ಮಾತ್ರೆ ಏನೂ ಬೇಡ ಅಂದುಬಿಟ್ಟಿದಾರೆ, ಅಮ್ಮಂಗೆ ಮೊದ್ಲೇ ಮಾತ್ರೆ ಅಂದ್ರೆ ಆಗಲ್ಲ, ಎರಡು ದಿನದಿಂದ ಮುಟ್ಟೇ ಇಲ್ಲ. ನಂಗೆ ತುಂಬಾ ಭಯ ಆಗ್ತಿದೆ.

ಮೆಡಿಕಲ್_ಅಂಗಡಿ:
ಮೇಡಂ, ಇವತ್ತೇ ಮಾತ್ರೆ ಕೊಡಿ, ಡಾಕ್ಟರಿಗೂ ಫೋನ್ ಮಾಡಿ, ಮಿಕ್ಕಿದ್ದು ಆಮೇಲೆ. ಫಿಶ್ ಆಯಿಲ್ ಕೆಲಸಾನೇ ಮಾಡಲ್ಲ ಅಂತಲ್ಲ, ಅದ್ರಲ್ಲಿರೋ ಇಪಿಎ ಡಿಎಚ್‌ಎ ಅನ್ನೋ ಒಮೆಗಾ-3 ಕೊಬ್ಬಿಂದ ರಕ್ತನಾಳ ಸ್ವಲ್ಪ ಸಡಿಲ ಆಗತ್ತೆ. 2022ರಲ್ಲಿ 71 ಪ್ರಯೋಗ, ಹತ್ರಹತ್ರ 5000 ಜನರ ಲೆಕ್ಕ ಒಟ್ಟಿಗೆ ಹಾಕಿ ನೋಡಿದಾರೆ, ಬಿಪಿ ಇರೋರು ದಿನಕ್ಕೆ 3 ಗ್ರಾಂ ತಗೊಂಡಾಗ ಮೇಲಿನ ನಂಬರ್ ಇಳಿದಿದ್ದು ಬರೀ 4-5 ಪಾಯಿಂಟ್. ಅದೂ ಎಣ್ಣೆ 3 ಗ್ರಾಂ ಅಲ್ಲ, ಇಪಿಎ ಡಿಎಚ್‌ಎ ಎರಡೂ ಸೇರಿ 3 ಗ್ರಾಂ! ಡಬ್ಬಿ ಹಿಂದೆ ತಿರುಗಿಸಿ ಓದಿ, ಮುಂದೆ 1000 ಅಂತ ದೊಡ್ಡದಾಗಿ ಹಾಕಿರ್ತಾರೆ, ಹಿಂದೆ 180 ಮತ್ತೆ 120 ಇರತ್ತೆ, ಅಂದ್ರೆ ಒಂದರಲ್ಲಿ 300 ಮಿಲಿಗ್ರಾಂ ಅಷ್ಟೇ. ಲೆಕ್ಕ ಹಾಕಿದ್ರೆ ದಿನಕ್ಕೆ ಹತ್ತು ನುಂಗ್ಬೇಕು.

ಕುಂದಾಪ್ರ_ಕಡಲು:
ಹತ್ತು ಕ್ಯಾಪ್ಸೂಲ್ ಯಾಕೆ ಮಾರಾಯ್ರೆ, ಮೀನು ತಿನ್ನೋರಾದ್ರೆ ವಾರಕ್ಕೆ ಎರಡು ಸಲ ಬೂತಾಯಿ, ಬಂಗುಡೆ ಸಾರು ಮಾಡಿ ಬಡಿಸಿ, ಇವೆರಡ್ರಲ್ಲೂ ಈ ಒಮೆಗಾ-3 ಚೆನ್ನಾಗಿ ಇರತ್ತೆ. ಫ್ರೈ ಬೇಡ. ಒಣಮೀನಂತೂ ಬೇಡವೇ ಬೇಡ, ಜೂನ್-ಜುಲೈ ಬೋಟ್ ಇಳಿಯಲ್ಲ ಅಲ್ವಾ, ಆಗ ನಮ್ಮನೇಲಿ ದಿನಾ ಒಣಮೀನು ಚಟ್ನಿ, ಅಪ್ಪನ ಬಿಪಿ ಮಳೆಗಾಲದಲ್ಲೇ ಏರ್ತಾ ಇತ್ತು, ಮೀನು ಒಳ್ಳೇದಲ್ವಾ ಅಂತ ನಾವು ಸುಮ್ನಿದ್ವಿ, ಡಾಕ್ಟ್ರು ಕೇಳಿದ್ಮೇಲೆ ಗೊತ್ತಾಗಿದ್ದು ಅದ್ರಲ್ಲಿರೋ ಉಪ್ಪು ಎಷ್ಟು ಅಂತ. ಉಪ್ಪಿನಕಾಯಿ, ಹಪ್ಪಳಾನೂ ನೋಡ್ಕೊಳ್ಳಿ, ದಿನಕ್ಕೆ ಎಲ್ಲಾ ಸೇರಿ ಉಪ್ಪು 5 ಗ್ರಾಂ, ಅಂದ್ರೆ ಒಂದು ಟೀ ಸ್ಪೂನ್ ದಾಟ್ಬಾರ್ದು.

ನರ್ಸ್_ಅಕ್ಕ:
ಜಾಸ್ತಿ ತಗೊಂಡ್ರೆ ಬೇಗ ಇಳಿಯತ್ತೆ ಅಂತ ಅಮ್ಮ ಅವರಾಗೇ ಏರಿಸ್ಕೊಳ್ದೇ ಇರ್ಲಿ. ಹೆಚ್ಚಿನ ಡೋಸ್‌ನಲ್ಲಿ ಕೆಲವ್ರಿಗೆ ಎದೆಬಡಿತ ಏರುಪೇರಾಗೋ ಅಪಾಯ ಇದೆ, ರಕ್ತ ತೆಳು ಮಾಡೋ ಮಾತ್ರೆ ಇದ್ರಂತೂ ಡಾಕ್ಟರಿಗೆ ಹೇಳ್ಲೇಬೇಕು. ಕಾಡ್ ಲಿವರ್ ಆಯಿಲ್ ಅಂತ ಬರ್ದಿದೆಯಾ ನೋಡಿ, ಅದು ಮೀನಿನ ಲಿವರ್ ಎಣ್ಣೆ, ವಿಟಮಿನ್ ಎ ಜಾಸ್ತಿ ಇರತ್ತೆ, ಅದನ್ನ ಹತ್ತು ಹತ್ತು ತಗೊಳ್ಳೋ ಹಾಗೇ ಇಲ್ಲ.

ದಾವಣಗೆರೆ_ಮಗಳು:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಡಬ್ಬಿ ನೋಡ್ದೆ, 180 ಮತ್ತೆ 120 ಅಂತಾನೇ ಇದೆ. ಅಮ್ಮನ ಪಕ್ಕ ಕೂತು ಲೆಕ್ಕ ತೋರಿಸ್ದೆ, ಸುಮ್ನೆ ಕೇಳಿಸ್ಕೊಂಡು ಮಾತ್ರೆ ತಗೊಂಡ್ರು. ಸೋಮವಾರ ಡಾಕ್ಟರ್ ಹತ್ರ ಹೋಗ್ತೀವಿ, ಡಬ್ಬೀನೂ ತಗೊಂಡು.