ಅನ್ವೇಷಣಾ ಕಲಿಕೆ: ಶಿಕ್ಷಕರು ಎಲ್ಲಿಯವರೆಗೆ ಸುಮ್ಮನಿರಬೇಕು?

ಪ್ರಶ್ನೆ (ನಾಲ್ಕನೇ ತರಗತಿಯ ಶಿಕ್ಷಕಿ):
ಎಲ್ಲರಿಗೂ ನಮಸ್ಕಾರ. ಕಳೆದ ವಾರ ಮುಳುಗುವ ಮತ್ತು ತೇಲುವ ವಸ್ತುಗಳ ಬಗ್ಗೆ ಮಕ್ಕಳೇ ಕಂಡುಕೊಳ್ಳಲಿ ಎಂದು ಪ್ರತಿ ಗುಂಪಿಗೂ ಒಂದು ಬಕೆಟ್ ನೀರು, ಗೋಲಿ, ಮೊಳೆ, ಸೌದೆ ತುಂಡು ಮತ್ತು ಬಾಟಲಿಯ ಮುಚ್ಚಳ ಕೊಟ್ಟು ನಾನು ದೂರ ನಿಂತೆ. ಎರಡು ಪಿರಿಯಡ್ ಕಳೆದರೂ ನಾಲ್ಕು ಗುಂಪಿನವರೂ ‘ಭಾರವಾದದ್ದು ಮುಳುಗುತ್ತದೆ’ ಎಂದೇ ಬರೆದರು. ಗೋಲಿಗಿಂತ ಸೌದೆ ತುಂಡು ಭಾರವೆಂದು ಕೈಯಲ್ಲಿ ತೂಗಿ ನೋಡಿದ್ದ ಹುಡುಗನೂ ಹಾಗೆಯೇ ಬರೆದ. ಉತ್ತರ ಹೇಳಿಕೊಟ್ಟರೆ ಅದು ಅನ್ವೇಷಣೆಯಾಗುವುದಿಲ್ಲ ಎಂದು ತರಬೇತಿಯಲ್ಲಿ ಕೇಳಿದ್ದೇನೆ. ಹಾಗೆಂದು ತಪ್ಪು ತೀರ್ಮಾನದೊಂದಿಗೆ ಮಕ್ಕಳನ್ನು ಮನೆಗೆ ಕಳುಹಿಸುವುದು ಸರಿಯೇ?

ಉತ್ತರ 1 (ಬಿ.ಎಡ್. ಉಪನ್ಯಾಸಕ):
ಮೇಡಂ, ಸುಮ್ಮನೆ ನಿಲ್ಲಬೇಕೆಂದು ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ ಹೇಳಿರಲಿಲ್ಲ. ಅನ್ವೇಷಣೆಯ ಪರವಾಗಿ 1961ರಲ್ಲಿ ಬರೆದ ಲೇಖನದಲ್ಲಿಯೇ ಅವರು, ಸಿದ್ಧವಾಗಿರುವ ಮನಸ್ಸಿಗೆ ಮಾತ್ರ ಶೋಧ ಒಲಿಯುತ್ತದೆ ಎಂಬ ಅರ್ಥದ ಮಾತು ಸೇರಿಸಿದ್ದಾರೆ. ಮೂರರಿಂದ ಐದು ವರ್ಷದ ಮಕ್ಕಳು ಮರದ ತುಂಡುಗಳಿಂದ ಪಿರಮಿಡ್ ಜೋಡಿಸುವುದನ್ನು ಗಮನಿಸಿ ವುಡ್, ಬ್ರೂನರ್ ಮತ್ತು ರಾಸ್ 1976ರಲ್ಲಿ ಹಿರಿಯರ ನೆರವನ್ನು ಕಟ್ಟಡದ ಸಾರುವೆಗೆ ಹೋಲಿಸಿದರು: ಗೋಡೆ ಏಳುವವರೆಗೆ ಅದು ಬೇಕು, ಎದ್ದ ಮೇಲೆ ಬಿಚ್ಚಬೇಕು. 2004ರಲ್ಲಿ ಸಂಶೋಧಕರಾದ ಕ್ಲಾರ್ ಮತ್ತು ನಿಗಮ್ ಮೂರು ಹಾಗೂ ನಾಲ್ಕನೇ ತರಗತಿಯ ಮಕ್ಕಳಿಗೆ ಇಳಿಜಾರಿನಲ್ಲಿ ಚೆಂಡು ಉರುಳಿಸುವ ಪ್ರಯೋಗ ಕೊಟ್ಟಾಗ, ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕೆಂಬ ವಿಧಾನವನ್ನು ನೇರವಾಗಿ ಕಲಿತವರಲ್ಲಿಯೇ ಹೆಚ್ಚಿನವರು ಅದನ್ನು ಕರಗತ ಮಾಡಿಕೊಂಡರು. ತಾವಾಗಿಯೇ ಹುಡುಕಲು ಬಿಟ್ಟ ಗುಂಪಿನಲ್ಲಿ ಅಂಥವರು ಕಡಿಮೆ.

ಉತ್ತರ 2 (ನಲಿ-ಕಲಿ ಶಿಕ್ಷಕ):
ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಪದ್ಧತಿಯಾದ ನಮ್ಮ ನಲಿ-ಕಲಿಯಲ್ಲಿಯೇ ಇದಕ್ಕೆ ಉತ್ತರವಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಮಕ್ಕಳು ಕೂರುವ ತಟ್ಟೆಗಳ (ಅಂದರೆ ಗುಂಪುಗಳ) ಪೈಕಿ ಸ್ವಕಲಿಕೆಯದು ಕೊನೆಯದು. ಅದಕ್ಕೆ ಮೊದಲು ಶಿಕ್ಷಕರ ಸಂಪೂರ್ಣ ನೆರವಿನದು, ಭಾಗಶಃ ನೆರವಿನದು, ಬಳಿಕ ಸಹಪಾಠಿಗಳ ನೆರವಿನವು ಇವೆ. ನೀವು ಮಕ್ಕಳನ್ನು ನೇರವಾಗಿ ಕೊನೆಯ ತಟ್ಟೆಯಲ್ಲಿ ಕೂರಿಸಿದಂತಾಗಿದೆ.

ಸಾಮಗ್ರಿಯ ಆಯ್ಕೆಯೂ ಮುಖ್ಯ. ಮುಂದಿನ ತರಗತಿಗೆ ಒಂದು ಕಿತ್ತಳೆ ಹಣ್ಣು ತೆಗೆದುಕೊಂಡು ಹೋಗಿ. ಸಿಪ್ಪೆಯಿರುವ ಹಣ್ಣು ತೇಲುತ್ತದೆ. ಮಕ್ಕಳ ಎದುರಿಗೇ ಸಿಪ್ಪೆ ಸುಲಿದು, ‘ಈಗ ಹಗುರವಾಯಿತೋ, ಭಾರವಾಯಿತೋ?’ ಎಂದು ಕೇಳಿ, ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಬರೆದ ನಂತರವೇ ನೀರಿಗೆ ಬಿಡಿ. ಹಗುರವಾದ ಹಣ್ಣು ಮುಳುಗಿದಾಗ ತರಗತಿ ಒಂದು ಕ್ಷಣ ಸ್ತಬ್ಧವಾಗುತ್ತದೆ. ಸಿಪ್ಪೆಯೊಳಗಿನ ಗಾಳಿಯ ಬಗ್ಗೆ ನೀವು ಹೇಳಬೇಕಾದದ್ದು ಆಗ; ಅದಕ್ಕಿಂತ ಮೊದಲು ಹೇಳಿದರೆ ಅದು ನೋಟ್‌ಬುಕ್ಕಿನಲ್ಲಿ ಉಳಿಯುವ ಒಂದು ವಾಕ್ಯವಷ್ಟೇ.

ಉತ್ತರ 3 (ಮಕ್ಕಳ ಮನೋವಿಜ್ಞಾನದ ವಿದ್ಯಾರ್ಥಿನಿ):
ವಯಸ್ಸನ್ನೂ ಗಮನಿಸಿ. ಮಕ್ಕಳ ಚಿಂತನೆಯ ಬೆಳವಣಿಗೆಯನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಪಿಯಾಜೆಯ ಪ್ರಕಾರ ಸುಮಾರು ಏಳರಿಂದ ಹನ್ನೊಂದು ವರ್ಷದವರು ಕಣ್ಣೆದುರಿನ ವಸ್ತುಗಳನ್ನು ಆಧರಿಸಿ ತರ್ಕಿಸುತ್ತಾರೆ. ತೂಕ ಮತ್ತು ಗಾತ್ರ ಎರಡನ್ನೂ ಏಕಕಾಲಕ್ಕೆ ಹೋಲಿಸಿದರೆ ಮಾತ್ರ ಸಾಂದ್ರತೆ ಅರ್ಥವಾಗುವುದರಿಂದ, ಆ ಪದವನ್ನೇ ಈಗ ಕಲಿಸಬೇಕೆಂದಿಲ್ಲ. ‘ಭಾರವೊಂದೇ ಕಾರಣವಲ್ಲ’ ಎಂಬಲ್ಲಿಗೆ ಅವರು ಬಂದರೆ ನಾಲ್ಕನೇ ತರಗತಿಗೆ ಅದು ದೊಡ್ಡ ಹೆಜ್ಜೆ ಎಂದು ನನಗೆ ಅನಿಸುತ್ತದೆ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಧನ್ಯವಾದಗಳು. ಇಂದು ಕಿತ್ತಳೆಯ ಪ್ರಯೋಗ ಮಾಡಿದೆ. ಸೌದೆ ತುಂಡು ತೂಗಿದ್ದ ಹುಡುಗ ಸುಲಿದ ಹಣ್ಣು ಮುಳುಗಿದ್ದನ್ನು ನೋಡಿ, ಸಿಪ್ಪೆಯನ್ನು ಬೇರೆಯಾಗಿ ನೀರಿಗೆ ಹಾಕಿದ, ನಾನು ಹೇಳಿರಲಿಲ್ಲ. ಅದು ತೇಲಿತು. ಸಿಪ್ಪೆಯನ್ನು ಮುರಿದು ಒಳಗಿನ ಬಿಳಿ ಪದರವನ್ನು ತೋರಿಸಿ ಗಾಳಿಯ ವಿಷಯವನ್ನು ಆಗಲೇ ಹೇಳಿದೆ.