ಟೈರು ಚಪ್ಪಲಿಯ ಮಹಾತ್ಮೆ

ಮನುಷ್ಯನು ಓಡುವುದಕ್ಕೆಂದೇ ಹುಟ್ಟಿದವನೆಂದು ಬ್ಯಾಂಕಿನ ರಾಯರು ಒಂದು ಕುರ್ಚಿಗೆ ಬೆನ್ನನ್ನೂ ಮತ್ತೊಂದಕ್ಕೆ ಕಾಲನ್ನೂ ಒಪ್ಪಿಸಿ ಘೋಷಿಸಿದಾಗ ನಮ್ಮಲ್ಲಿ ಯಾರೂ ಎದ್ದು ಓಡಲಿಲ್ಲ, ಏಕೆಂದರೆ ಬೋಂಡ ಇನ್ನೂ ಬಂದಿರಲಿಲ್ಲ. ಮೆಕ್ಸಿಕೋ ದೇಶದ ಚಿವಾವಾ ರಾಜ್ಯದ ಆಳವಾದ ಕಂದರಗಳಲ್ಲಿ ತಾರಾಹುಮಾರಾ ಎಂಬ ಜನರಿದ್ದಾರೆಂದೂ, ಹಳೆಯ ಟೈರು ಕತ್ತರಿಸಿ ಹೊಲಿದ ಚಪ್ಪಲಿಯಲ್ಲೇ ಅವರು ಬೆಟ್ಟದ ದಾರಿಯನ್ನು ಹಗಲಿರುಳು ಓಡಿ ಮುಗಿಸುತ್ತಾರೆಂದೂ, ಆದ್ದರಿಂದ ಓಟದ ಗುಟ್ಟೆಲ್ಲ ಚಪ್ಪಲಿಯಲ್ಲೇ ಅಡಗಿದೆಯೆಂದೂ ಅವರು ವಾದ ಹೂಡಿದರು.

"ಗುಟ್ಟು ಟೈರಿನಲ್ಲಿದ್ದಿದ್ದರೆ ನಮ್ಮ ಲಾರಿಗಳು ಶಿರಾಡಿ ಘಾಟಿಯಲ್ಲಿ ಕೆಟ್ಟು ನಿಲ್ಲುತ್ತಿರಲಿಲ್ಲ" ಎಂದರು ಡಾಕ್ಟರು.

ಮೇಷ್ಟ್ರು ಮಾತ್ರ ರಾಯರ ನೆರವಿಗೆ ಬಂದರು. ಅಮೆರಿಕದ ಕೊಲರಾಡೋದ ಲೆಡ್‌ವಿಲ್ ಎಂಬ ಊರಿನಲ್ಲಿ, ಮೂರು ಸಾವಿರ ಮೀಟರಿಗೂ ಎತ್ತರದಲ್ಲಿ ಆರಂಭವಾಗುವ ನೂರು ಮೈಲಿಯ ಓಟಕ್ಕೆ 1993ರಲ್ಲಿ ಬಂದಿದ್ದ ತಾರಾಹುಮಾರಾ ಓಟಗಾರರು, ಪ್ರಾಯೋಜಕರು ಕೊಟ್ಟ ಹೊಸ ಬೂಟುಗಳನ್ನು ಬದಿಗಿಟ್ಟು, ಊರ ಕಸದ ರಾಶಿಯಿಂದ ಟೈರು ಹೆಕ್ಕಿ ತಂದು ತಮ್ಮ ಅಳತೆಗೆ ಚಪ್ಪಲಿ ಮಾಡಿಕೊಂಡರಂತೆ. ಆ ವರ್ಷ ಗೆದ್ದ ವಿಕ್ಟೋರಿಯಾನೋ ಚುರ್ರೋನ ವಯಸ್ಸು 55. ಈ ಸಂಖ್ಯೆ ಕೇಳಿದ್ದೇ ನಿವೃತ್ತಿಯ ಹೊಸ್ತಿಲಲ್ಲಿರುವ ರಾಯರ ಕಾಲು ಕುರ್ಚಿಯಿಂದ ತಾನಾಗಿ ಕೆಳಗಿಳಿಯಿತು.

"ಅದರ ಹಿಂದಿನ ವರ್ಷದ ಕಥೆಯನ್ನೂ ಹೇಳಿಬಿಡಿ ಮೇಷ್ಟ್ರೇ" ಎಂದರು ಲೈಬ್ರರಿಯ ಮೇಡಂ. 1992ರಲ್ಲಿ ಅದೇ ಲೆಡ್‌ವಿಲ್‌ಗೆ ಬಂದವರಲ್ಲಿ ಒಬ್ಬರೂ ಓಟ ಮುಗಿಸಿರಲಿಲ್ಲ. ಕೈಗೆ ಕೊಟ್ಟ ಟಾರ್ಚನ್ನು ಅವರು ದೊಂದಿಯಂತೆ ಆಕಾಶಕ್ಕೆ ಎತ್ತಿ ಹಿಡಿದು ಓಡಿದರೆಂದು ಇಂದಿಗೂ ನಗುತ್ತಾ ಹೇಳುವವರಿದ್ದಾರೆ. "ಪೈನ್ ಮರದ ಸೀಳು ಉರಿಸಿಕೊಂಡು ಇರುಳೆಲ್ಲ ಓಡಿ ರೂಢಿಯಿರುವವರಿಗೆ, ಒಂದೇ ದಿಕ್ಕಿಗೆ ಬೆಳಕು ಕಾರುವ ಕೊಳವೆ ವಿಚಿತ್ರವಾಗಿ ಕಾಣದೆ ಮತ್ತೇನು?" ಎಂದು ಮೇಡಂ ಕೇಳಿದಾಗ ನಗಲು ಸಿದ್ಧವಾಗಿದ್ದ ನಾವು ಬಾಯಿ ಮುಚ್ಚಿಕೊಂಡೆವು.

ಚಪ್ಪಲಿ ಸೋತಿತೆಂದು ಕಂಡ ರಾಯರು ಆಹಾರಕ್ಕೆ ಹಾರಿದರು. ಆ ಜನ ಚಿಯಾ ಬೀಜವನ್ನು ನೀರಿನಲ್ಲಿ ನೆನೆಸಿ ಕುಡಿಯುತ್ತಾರಂತೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಪ್ರೋತ್ಸಾಹದಿಂದ ಎಚ್.ಡಿ. ಕೋಟೆಯ ಕಡೆ ರೈತರು ಆ ಬೀಜವನ್ನೇ ಬೆಳೆಯುವುದರಿಂದ ಅರ್ಧ ಓಟ ಆಗಲೇ ನಮ್ಮದಾಗಿದೆಯೆಂಬುದು ಅವರ ಲೆಕ್ಕ. ಪಿನೋಲೆ ಎಂಬ ಅವರ ಬುತ್ತಿಯಾದರೋ ಹುರಿದ ಮೆಕ್ಕೆಜೋಳದ ಪುಡಿ, ನಮ್ಮ ಹುರಿಹಿಟ್ಟಿನ ಖಾಸಾ ದಾಯಾದಿ.

"ತೆಸ್ಗುವಿನೋವನ್ನು ಏಕೆ ಮರೆತಿರಿ?" ಎಂದು ಡಾಕ್ಟರು ಬಲು ಗಂಭೀರವಾಗಿ ಕೇಳಿದರು. ಅದು ಮೊಳಕೆ ಬರಿಸಿದ ಮೆಕ್ಕೆಜೋಳವನ್ನು ಹುಳಿಸಿ ಮಾಡುವ ಮದ್ಯ. ಬಹಳ ದಿನ ಇಟ್ಟರೆ ಕೆಡುತ್ತದೆಯಾದ್ದರಿಂದ ಕೂಡಿ ಕುಡಿದು ಮುಗಿಸಲೇಬೇಕು. ಹೊಲದ ಕೆಲಸಕ್ಕೆ ನೆರೆಹೊರೆಯವರನ್ನು ಕರೆದವನು ಕೂಲಿಯ ಬದಲು ಇದನ್ನೇ ಬಡಿಸುತ್ತಾನೆ. ಇಷ್ಟು ಕೇಳಿದ ಮೇಲೆ ರಾಯರಿಗೆ ಆ ಸಂಸ್ಕೃತಿಯ ಮೇಲಿದ್ದ ಗೌರವವು ಇಮ್ಮಡಿಯಾಯಿತು.

ಮೇಡಂ ಹೇಳಿದ್ದನ್ನು ಕೇಳುವವರೆಗೆ ನನಗೂ ತಾರಾಹುಮಾರಾ ಜನರ ಓಟವೆಂದರೆ ಒಬ್ಬಂಟಿ ಸಾಹಸವೆಂದೇ ಕಲ್ಪನೆಯಿತ್ತು. ರಾರಾಹಿಪಾರಿ ಎಂಬ ಪಂದ್ಯದಲ್ಲಿ ಎರಡು ತಂಡಗಳು ಮರದ ಚೆಂಡನ್ನು ಕೈ ಮುಟ್ಟಿಸದೆ ಕಾಲ್ಬೆರಳಿನಿಂದ ಎತ್ತಿ ಮುಂದಕ್ಕೆ ಚಿಮ್ಮುತ್ತಾ, ಅದರ ಬೆನ್ನಟ್ಟುತ್ತಾ ಗಂಟೆಗಟ್ಟಲೆ, ಕೆಲವೊಮ್ಮೆ ಇರುಳು ಕಳೆದು ಮರುದಿನದವರೆಗೂ ಓಡುತ್ತವೆ. ಚೆಂಡು ಬಂಡೆಗಳ ಸಂದಿಗೆ ಹೊಕ್ಕರೆ ಅದನ್ನು ಹುಡುಕುವುದೂ ಆಟದ ಭಾಗವೇ. ನೋಡಲು ಬಂದವರು ಸುಮ್ಮನೆ ನಿಲ್ಲದೆ ಬಟ್ಟೆ, ಜೋಳ, ಮೇಕೆಗಳನ್ನು ಪಣಕ್ಕಿಡುತ್ತಾರೆ, ತಮ್ಮವರ ಜೊತೆ ಒಂದಷ್ಟು ದೂರ ಓಡುತ್ತಾರೆ, ಕತ್ತಲಾದರೆ ದೊಂದಿ ಹಿಡಿಯುತ್ತಾರೆ. ಹೆಂಗಸರ ಪಂದ್ಯ ಬೇರೆಯೇ ಇದ್ದು, ಅವರು ಕೋಲಿನಿಂದ ಬಳೆಯಂಥ ಚಕ್ರವನ್ನು ಎಸೆಯುತ್ತಾ ಓಡುತ್ತಾರೆ.

"ಹಾಗಾದರೆ ಅವರು ಅತಿಮಾನುಷರೇ ಸರಿ" ಎಂದು ರಾಯರು ಕೈಮುಗಿದರು.

"ಆ ಮಾತೇ ಬೇಡ" ಎಂದು ಮೇಡಂ ತಡೆದರು. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ನ ಮ್ಯಾರಥಾನಿನಲ್ಲಿ ಓಡಿದ ಇಬ್ಬರು ತಾರಾಹುಮಾರಾ ಓಟಗಾರರಿಗೆ ಸಿಕ್ಕಿದ್ದು 21 ಮತ್ತು 35ನೇ ಸ್ಥಾನ. ಹಾರ್ವರ್ಡಿನ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಲೇಖನವೂ ಈ ಹುಟ್ಟು ಓಟಗಾರರೆಂಬ ಕಟ್ಟುಕಥೆಯನ್ನೇ ಅಲ್ಲಗಳೆದು, ಅವರ ದಮ್ಮು ಬರುವುದು ಕಡಿದಾದ ಇಳಿಜಾರಿನ ನಡಿಗೆ, ಬೇಸಾಯ, ಕುಣಿತಗಳಿಂದಲೇ ಎಂದಿತು. ನನಗೆ ತೋರುವಂತೆ, ಒಬ್ಬನನ್ನು ಅತಿಮಾನುಷನೆಂದು ಹೊಗಳಿದರೆ ಅವನ ದುಡಿಮೆಯನ್ನು ಗಮನಿಸುವ ತೊಂದರೆಯೂ ತಪ್ಪುತ್ತದೆ, ನಾವು ಕುರ್ಚಿಯಲ್ಲಿ ಕುಳಿತಿರುವುದಕ್ಕೆ ನೆಪವೂ ಸಿಗುತ್ತದೆ.

2017ರಲ್ಲಿ ಮೆಕ್ಸಿಕೋದ ಪ್ವೆಬ್ಲಾದಲ್ಲಿ 50 ಕಿಲೋಮೀಟರಿನ ಬೆಟ್ಟದ ಓಟದ ಮಹಿಳಾ ವಿಭಾಗವನ್ನು ಲಂಗ ಮತ್ತು ಟೈರು ಚಪ್ಪಲಿಯಲ್ಲೇ ಗೆದ್ದ ಲೊರೆನಾ ರಾಮಿರೆಸ್‌ಗೂ ಕೋಚ್ ಇರಲಿಲ್ಲ. ದಿನವೂ ಮೇಕೆಗಳ ಹಿಂದೆ ಬೆಟ್ಟ ಸುತ್ತುವುದೇ ಆಕೆಯ ತರಬೇತಿಯಾಗಿತ್ತೆಂದು ತಿಳಿದ ರಾಯರು ಬೋಂಡದ ತಟ್ಟೆಯನ್ನು ಬದಿಗೆ ಸರಿಸಿ ಲೆಕ್ಕ ಹಾಕಿದರು: "ಮೇಕೆ ಸಾಕಣೆಗೆ ನಮ್ಮ ಬ್ಯಾಂಕಿನಲ್ಲೇ ಸಾಲ ದೊರೆಯುತ್ತದೆ."

"ಅಷ್ಟು ಕಷ್ಟವೇಕೆ ರಾಯರೇ, ದೊಡ್ಡ ಸಾಲ ಪಡೆದು ಓಡಿಹೋದವರ ಹಿಂದೆ ಬಿದ್ದರೆ ಸಾಲದೇ?" ಎಂದರು ಡಾಕ್ಟರು.

"ಅವರು ಬೆಟ್ಟ ಹತ್ತುವುದಿಲ್ಲ ಸ್ವಾಮಿ, ವಿಮಾನ ಹತ್ತುತ್ತಾರೆ" ಎಂದು ರಾಯರು ನಿಟ್ಟುಸಿರಿಟ್ಟರು.